ಕರಿಬಂಡೆಯ ನಡುವಿನ ಕೆಂಪು ಗೆರೆ

ಪುಣೆಯ ಪೂರ್ವ ಅಂಚಿನ ಖರಾಡಿಯಿಂದ ಮುಂಢ್ವಾ, ಹಡಪ್ಸರ್ ದಾಟಿ ಸಾಸವಡದ ದಾರಿ ಹಿಡಿದರೆ ದಿವೆ ಘಾಟ್ ಸಿಗುತ್ತದೆ. ಆಷಾಢ ಏಕಾದಶಿಗೆಂದು ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರರ ಪಾಲಖಿ ಏರುವ ಘಾಟ್ ಇದೇ. ವಾರಕರಿಗಳ ಗಮನ ಮುಂದಿನ ಪತಾಕೆಯ ಮೇಲೆ, ಗಾಡಿ ಓಡಿಸುವವರ ಗಮನ ತಿರುವಿನ ಮೇಲೆ. ರಸ್ತೆಗಾಗಿ ಗುಡ್ಡ ಕಡಿದ ಗೋಡೆಯತ್ತ ನೋಡುವವರು ಕಡಿಮೆ. ಅಲ್ಲಿ ಕಪ್ಪು ಬಂಡೆಗಳ ನಡುವೆ ಇಟ್ಟಿಗೆ ಬಣ್ಣದ ಪಟ್ಟಿಯೊಂದು ಅಡ್ಡಲಾಗಿ ಓಡುತ್ತದೆ. ಕಾತ್ರಜ್ ಘಾಟಿನಲ್ಲೂ ಇಂಥದ್ದು ಕಾಣುತ್ತದೆ. ಇಂಥ ಪಟ್ಟಿ ಒಂದು ಕಡೆ ಗೇಣು ದಪ್ಪವಿದ್ದರೆ ಇನ್ನೊಂದು ಕಡೆ ಆಳೆತ್ತರ ಇರುತ್ತದೆ.

ಹತ್ತಿರ ಹೋಗಿ ಕೈಯಿಟ್ಟರೆ ಅದರ ಸ್ವಭಾವ ಗೊತ್ತಾಗುತ್ತದೆ. ಮೇಲಿನ ಕರಿಬಂಡೆಗೆ ಸುತ್ತಿಗೆ ಬಡಿದರೆ ಕಿಡಿ ಹಾರಬಹುದು. ಕೆಂಪು ಪದರ ಉಗುರಿಗೇ ಕೆರೆದು ಬರುತ್ತದೆ, ಬೆರಳಿಗೆ ಜಾಜು ಮೆತ್ತುತ್ತದೆ. ಮೇಲಿನ ಬಂಡೆಯೂ ಕೆಂಪು ಪದರವೂ ಕೂಡುವ ಗೆರೆ ಚಾಕುವಿನಲ್ಲಿ ಕೊಯ್ದಷ್ಟು ಸ್ಪಷ್ಟ. ಕೆಳಗೆ ಹಾಗಲ್ಲ. ಕೆಂಪು ನಿಧಾನವಾಗಿ ಕಂದಾಗುತ್ತದೆ, ಕಂದು ಬೂದು ಬಣ್ಣಕ್ಕೆ ತಿರುಗುತ್ತದೆ, ಆ ಬೂದು ಭಾಗದಲ್ಲಿ ಕಡಲೆ ಗಾತ್ರದ ತೂತುಗಳೂ ಅವುಗಳಲ್ಲಿ ತುಂಬಿದ ಬಿಳಿ ಹರಳುಗಳೂ ಕಾಣುತ್ತವೆ, ಆಮೇಲೆ ಮತ್ತೆ ಗಟ್ಟಿ ಕರಿಬಂಡೆ. ಮೇಲಿನ ಅಂಚು ಚೂಪು, ಕೆಳಗಿನ ಅಂಚು ಮಸುಕು. ಈ ಒಂದು ವ್ಯತ್ಯಾಸದಲ್ಲೇ ಅದರ ಹುಟ್ಟಿನ ಕತೆ ಇದೆ.

ದಖ್ಖನ್ ಪ್ರಸ್ಥಭೂಮಿಯ ಕರಿಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ತಣಿದು ಆದದ್ದು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಲಾವಾ ಒಂದೇ ಸಲ ಹರಿದು ಮುಗಿಯಲಿಲ್ಲ. ಒಂದು ಪ್ರವಾಹ ಬಂತು, ತಣಿಯಿತು, ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಮಳೆ ಬಿತ್ತು, ಬಂಡೆಯ ನೆತ್ತಿ ಕೊಳೆತು ಮಣ್ಣಾಯಿತು, ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಯಿತು. ಎಲ್ಲಿಂದಲೋ ಗಾಳಿ ತಂದ ಬೂದಿಯೂ ಮೇಲೆ ಕೂತಿತು. ನಂತರ ಬಂದ ಪ್ರವಾಹ ಆ ಮಣ್ಣನ್ನು ಮುಚ್ಚಿ ಬೇಯಿಸಿತು. ಭೂವಿಜ್ಞಾನಿಗಳು ಇದನ್ನು ರೆಡ್ ಬೋಲ್ ಎನ್ನುತ್ತಾರೆ. ಕನ್ನಡದಲ್ಲಿ ಕೆಮ್ಮಣ್ಣಿನ ಪದರ ಎಂದರೆ ಸಾಕು.

ಖರಾಡಿ ನಿಂತಿರುವುದೂ ಇದೇ ಕರಿಕಲ್ಲಿನ ಮೇಲೆ. ಮುಳಾ–ಮುಠಾ ನದಿಯ ದಡದಲ್ಲಿ ಮೊದಲು ಎರೆಮಣ್ಣು, ಕೆಳಗೆ ಮುರುಮ್, ಅಂದರೆ ಉತ್ತರ ಕರ್ನಾಟಕದವರು ಗರಸು ಎನ್ನುವಂಥದ್ದು, ಅದರಡಿ ಬಂಡೆ. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ ಕಡೆಗಳಿಂದ ಬಂದು ಇಲ್ಲಿನ ಐಟಿ ಪಾರ್ಕುಗಳಲ್ಲಿ ದುಡಿಯುವ ಕನ್ನಡಿಗರು ದಿನವೂ ಓಡಾಡುವುದು ಈ ಲಾವಾದ ಮೇಲೆಯೇ. ಬಂಡೆ ಎಲ್ಲ ಕಡೆ ಒಂದೇ ಥರ ಕಪ್ಪು. ಖರಾಡಿಯಲ್ಲಿ 20 ಮೀಟರ್ ಆಳದಲ್ಲಿ ಸಿಕ್ಕ ಬಂಡೆಯೂ ದಿವೆ ಘಾಟಿನ ನಡುಮಟ್ಟದಲ್ಲಿ ಕಾಣುವ ಬಂಡೆಯೂ ಒಂದೇ ಪ್ರವಾಹದವೋ ಬೇರೆ ಬೇರೆಯೋ ಎಂದು ಬರಿಗಣ್ಣಿಗೆ ಹೇಳಲು ಬಾರದು. ಒಂದೇ ಬಣ್ಣದ ಉದ್ದ ಬಟ್ಟೆಯಲ್ಲಿ ಅಳತೆಗೆಂದು ನೇಕಾರ ನಡುವೆ ನೇಯ್ದ ಬಣ್ಣದ ಎಳೆಯ ಹಾಗೆ, ಬಂಡೆಯ ರಾಶಿಯಲ್ಲೂ ಗುರುತಿಗೊಂದು ಪದರ ಬೇಕು. ಅಂಥದ್ದನ್ನು ಗುರುತು ಪದರ ಎನ್ನೋಣ. ದಪ್ಪ ಬಂಡೆಗಳು ಎಷ್ಟೇ ಭವ್ಯವಾಗಿದ್ದರೂ ಕಾಲದ ಲೆಕ್ಕ ಸಿಗುವುದು ಹೆಚ್ಚಾಗಿ ಅವುಗಳ ನಡುವೆ ಸಿಕ್ಕಿಕೊಂಡ ಈ ತೆಳುವಾದ, ಮೆತ್ತನೆಯ, ಯಾರೂ ಲೆಕ್ಕಕ್ಕಿಡದ ಪದರಗಳಿಂದ.

ಈ ವಿದ್ಯೆ ಬಹಳ ಚೆನ್ನಾಗಿ ಬೆಳೆದದ್ದು ಕಪ್ಪು ಬಂಡೆಯಲ್ಲಲ್ಲ, ಬಿಳಿಯಲ್ಲಿ. ಇಂಗ್ಲೆಂಡಿನ ಡೋವರ್ ತೀರದ ಬಿಳಿ ಬಂಡೆಗೋಡೆಗಳು ಸೀಮೆಸುಣ್ಣದ ಕಲ್ಲಿನವು. (ಶಾಲೆಯ ಹಲಗೆಯ ಮೇಲೆ ಬರೆಯುವ ಈಗಿನ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಮ್, ಹೆಸರು ಮಾತ್ರ ಉಳಿದಿದೆ.) ಸುಮಾರು 10 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಬೆಚ್ಚಗಿನ ಸಮುದ್ರಗಳಲ್ಲಿ ತೇಲುತ್ತಿದ್ದ ಸೂಕ್ಷ್ಮ ಪಾಚಿಗಳು ಸತ್ತಾಗ, ಅವುಗಳ ಸುಣ್ಣದ ಬಿಲ್ಲೆಗಳು ತಳಕ್ಕಿಳಿದು ನೂರಾರು ಮೀಟರ್ ದಪ್ಪದ ಕಲ್ಲಾದವು. ಸಾವಿರ ವರ್ಷಕ್ಕೆ ಬರೀ ಒಂದೆರಡು ಸೆಂಟಿಮೀಟರ್. ಮೇಲಿಂದ ಕೆಳಗೆ ಬರೀ ಬಿಳಿ. ಆದರೆ ಅಲ್ಲಲ್ಲಿ ಬೂದು ಬಣ್ಣದ ತೆಳ್ಳನೆಯ ಗೆರೆಗಳಿವೆ: ಸುಣ್ಣದ ಜೊತೆಗೆ ಜೇಡಿಮಣ್ಣು ಬೆರೆತ ಪದರ. ಅದರ ಹೆಸರು ಮಾರ್ಲ್. ಬಹಳಷ್ಟು ಮಾರ್ಲ್‌ಗಳ ದಪ್ಪ ಕೆಲವೇ ಸೆಂಟಿಮೀಟರ್. ಮಳೆ ಗಾಳಿಗೆ ಸುಣ್ಣದ ಕಲ್ಲಿಗಿಂತ ಮೊದಲು ಸವೆಯುವುದರಿಂದ ಬಂಡೆಯ ಗೋಡೆಯಲ್ಲಿ ಅದೊಂದು ಗೀರಿನ ಹಾಗೆ ಕಾಣುತ್ತದೆ.

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ರೋರಿ ಮಾರ್ಟಿಮೋರ್ ಎಂಬ ಭೂವಿಜ್ಞಾನಿ ಇಂಥ ಗೀರುಗಳಿಗೆ ಒಂದೊಂದಾಗಿ ಹೆಸರಿಟ್ಟು 1986ರಲ್ಲಿ ಪಟ್ಟಿ ಪ್ರಕಟಿಸಿದರು: ಗ್ಲೈಂಡ್ ಮಾರ್ಲ್, ಸದರ್‌ಹ್ಯಾಮ್ ಮಾರ್ಲ್, ಕ್ಯಾಬರ್ನ್ ಮಾರ್ಲ್, ಬ್ರಿಜ್‌ವಿಕ್ ಮಾರ್ಲ್, ಲೂಯಿಸ್ ಮಾರ್ಲ್. ಹೆಸರುಗಳೆಲ್ಲ ಅಲ್ಲಿನ ಹಳ್ಳಿ, ಗುಡ್ಡ, ಕ್ವಾರಿಗಳವು. ಕೆಲವು ಮಾರ್ಲ್‌ಗಳು ನೂರಾರು ಕಿಲೋಮೀಟರ್ ದೂರಕ್ಕೂ ಬಿಡದೆ ಸಾಗುತ್ತವೆ. ಡೇವಿಡ್ ರೇ ಎಂಬ ಇನ್ನೊಬ್ಬ ಭೂವಿಜ್ಞಾನಿ ಅವುಗಳಲ್ಲಿನ ವಿರಳ ಭಸ್ಮ ಧಾತುಗಳ ಪ್ರಮಾಣವನ್ನು ಅಳೆದು, ಕೆಲವು ಮಾರ್ಲ್‌ಗಳು ಬರಿಯ ಜೇಡಿಯಲ್ಲ, ಜ್ವಾಲಾಮುಖಿಯ ಬೂದಿ ಕೊಳೆತು ಆದವು ಎಂದು 1999ರಲ್ಲಿ ತೋರಿಸಿದರು. ಬೂದಿ ಬೀಳುವುದು ಕೆಲವೇ ದಿನಗಳಲ್ಲಿ, ಬೀಳುವುದು ಎಲ್ಲ ಕಡೆಗೂ. ಆದ್ದರಿಂದ ಇಂಗ್ಲೆಂಡಿನಲ್ಲೂ ಜರ್ಮನಿಯಲ್ಲೂ ಅದೇ ಬೂದಿಯ ಪದರ ಸಿಕ್ಕರೆ ಆ ಎರಡು ಜಾಗಗಳ ಗಡಿಯಾರ ಒಂದೇ ಹೊತ್ತಿಗೆ ಹೊಂದಿಕೊಂಡಂತೆ. ಗುರುತು ಪದರದಲ್ಲಿ ಇದಕ್ಕಿಂತ ಉತ್ತಮವಾದದ್ದು ಇಲ್ಲ.

ಮಾರ್ಲಿನ ಲೆಕ್ಕ ಬರೀ ಪುಸ್ತಕದಲ್ಲಿ ಉಳಿಯಲಿಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಚಾನಲ್ ಸುರಂಗದ ಉದ್ದ ಸುಮಾರು 50 ಕಿಲೋಮೀಟರ್, ಅದರಲ್ಲಿ 38 ಕಿಲೋಮೀಟರ್ ಸಮುದ್ರದಡಿ. ಸುರಂಗದ ಹೆಚ್ಚಿನ ಭಾಗವನ್ನು ಚಾಕ್ ಮಾರ್ಲ್ ಎಂಬ, ಗೀರಿನಂಥದ್ದಲ್ಲದ ದಪ್ಪ ಪದರದೊಳಗೇ ಕೊರೆದರು. ಮೇಲಿನ ಸೀಮೆಸುಣ್ಣದ ಕಲ್ಲಿನಲ್ಲಿ ಬಿರುಕು ಹೆಚ್ಚು, ನೀರು ನುಗ್ಗುತ್ತದೆ. ಕೆಳಗಿನ ಜೇಡಿ ಉಬ್ಬುತ್ತದೆ. ನಡುವಿನ ಮಾರ್ಲ್ ಮಾತ್ರ ಕೊರೆಯಲು ಮೆದು, ನೀರು ಬಿಡದಷ್ಟು ಬಿಗಿ. ಯಂತ್ರ ಆ ಪದರ ಬಿಟ್ಟು ಆಚೀಚೆ ಹೋಗದಂತೆ ನೋಡಿಕೊಳ್ಳಲು ಕಲ್ಲಿನೊಳಗಿನ ಸೂಕ್ಷ್ಮ ಪಳೆಯುಳಿಕೆಗಳನ್ನು ಪರೀಕ್ಷಿಸುತ್ತ ಹೋದರು. 1990ರ ಡಿಸೆಂಬರ್ 1ರಂದು ಎರಡೂ ಕಡೆಯ ಕೆಲಸಗಾರರು ಸಮುದ್ರದಡಿ ಕೈಕುಲುಕಿದರು, 1994ರ ಮೇ ತಿಂಗಳಲ್ಲಿ ಸುರಂಗ ಉದ್ಘಾಟನೆಯಾಯಿತು.

ಬಿಳಿ ಬಂಡೆಯ ನಡುವಿನ ಪದರಗಳಲ್ಲಿ ದಖ್ಖನ್ನಿಗೆ ನೇರ ಸಂಬಂಧಪಟ್ಟದ್ದೂ ಒಂದಿದೆ. ಡೆನ್ಮಾರ್ಕಿನ ಸ್ಟೆವ್ನ್ಸ್ ಕ್ಲಿಂಟ್ ಎಂಬ ಕಡಲ ತೀರದ ಬಂಡೆಯಲ್ಲಿ ಸೀಮೆಸುಣ್ಣದ ಕಲ್ಲು ಮುಗಿಯುವ ಮಟ್ಟದಲ್ಲಿ ಕಪ್ಪು ಬೂದು ಜೇಡಿಯ ತೆಳುವಾದ ಪದರವಿದೆ. ಸ್ಥಳೀಯರ ಬಾಯಲ್ಲಿ ಅದು ಮೀನು ಜೇಡಿ. ಅದರ ಕೆಳಗೆ ಡೈನೋಸಾರ್‌ಗಳ ಯುಗದ ಸಮುದ್ರ, ಮೇಲೆ ಅವು ಅಳಿದ ನಂತರದ ಸಮುದ್ರ. ಇಟಲಿಯ ಗುಬ್ಬಿಯೊ ಬಳಿಯ ಸುಣ್ಣದ ಕಲ್ಲಿನಲ್ಲೂ ಅದೇ ಗಡಿಯಲ್ಲಿ ಸುಮಾರು 1 ಸೆಂಟಿಮೀಟರ್ ಜೇಡಿ. ಲೂಯಿಸ್ ಆಲ್ವಾರೆಝ್, ವಾಲ್ಟರ್ ಆಲ್ವಾರೆಝ್ ಎಂಬ ತಂದೆ ಮಗ ತಮ್ಮ ಜೊತೆಗಾರರೊಡನೆ 1980ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ಜೇಡಿಯಲ್ಲಿ ಇರಿಡಿಯಮ್ ಧಾತು ಮಾಮೂಲಿಗಿಂತ ಗುಬ್ಬಿಯೊದಲ್ಲಿ ಸುಮಾರು 30 ಪಟ್ಟು, ಸ್ಟೆವ್ನ್ಸ್‌ನಲ್ಲಿ ಸುಮಾರು 160 ಪಟ್ಟು. ಆಕಾಶದಿಂದ ದೊಡ್ಡ ಕ್ಷುದ್ರಗ್ರಹ ಬಿದ್ದದ್ದಕ್ಕೆ ಅದು ಸಾಕ್ಷಿಯೆಂದರು. 2014ರಲ್ಲಿ ಸ್ಟೆವ್ನ್ಸ್ ಕ್ಲಿಂಟ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಆದರೆ ಅದೇ ಕಾಲಕ್ಕೆ ದಖ್ಖನ್ನಿನಲ್ಲಿ ಲಾವಾ ಹರಿಯುತ್ತಿತ್ತು. ಡೈನೋಸಾರ್‌ಗಳನ್ನು ಕೊಂದದ್ದು ಕ್ಷುದ್ರಗ್ರಹವೋ, ಲಾವಾದ ಜೊತೆ ಬಂದ ಅನಿಲವೋ, ಎರಡೂ ಸೇರಿಯೋ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಲಾವಾದ ಯಾವ ಪ್ರವಾಹ ಯಾವಾಗ ಹರಿಯಿತೆಂದು ಸಾವಿರಾರು ವರ್ಷಗಳ ನಿಖರತೆಯಲ್ಲಿ ಗೊತ್ತಾಗಬೇಕು. ಅತ್ಯಂತ ನಿಖರವಾಗಿ ವಯಸ್ಸು ಹೇಳುವ ಖನಿಜ ಜಿರ್ಕಾನ್. ಬಸಾಲ್ಟಿನಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿ ಮತ್ತೆ ಕೆಂಪು ಪದರ ಕೈಹಿಡಿಯಿತು. ಬಿಡುವಿನ ಕಾಲದಲ್ಲಿ ಮಣ್ಣಿನ ಮೇಲೆ ಬಿದ್ದ ಬೂದಿಯಲ್ಲಿ ಜಿರ್ಕಾನ್ ಕಣಗಳಿದ್ದವು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಬ್ಲೇರ್ ಶೋನ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕೆಮ್ಮಣ್ಣಿನ ಪದರಗಳನ್ನು ಚೀಲಗಳಲ್ಲಿ ತುಂಬಿ ಒಯ್ದು, ತೊಳೆದು, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳನ್ನು ಆರಿಸಿ ವಯಸ್ಸು ಅಳೆದರು. 2015ರಲ್ಲಿ ಪ್ರಕಟವಾದ ಅವರ ಫಲಿತಾಂಶ: ಮುಖ್ಯ ಹರಿವು ಡೈನೋಸಾರ್‌ಗಳ ಅಳಿವಿಗೆ ಸುಮಾರು 2.5 ಲಕ್ಷ ವರ್ಷ ಮೊದಲು ಶುರುವಾಯಿತು, ಸುಮಾರು 7.5 ಲಕ್ಷ ವರ್ಷಗಳಲ್ಲಿ 11 ಲಕ್ಷ ಘನ ಕಿಲೋಮೀಟರಿಗೂ ಹೆಚ್ಚು ಲಾವಾ ಹೊರಬಂತು. 2019ರ ಫೆಬ್ರವರಿಯಲ್ಲಿ ಇವರ ತಂಡವೂ ಬರ್ಕ್‌ಲಿಯ ಇನ್ನೊಂದು ತಂಡವೂ ಸೈನ್ಸ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬರೆದವು. ಅಳಿವಿಗೆ ಹತ್ತಾರು ಸಾವಿರ ವರ್ಷ ಮೊದಲಷ್ಟೇ ಲಾವಾದ ದೊಡ್ಡ ಅಲೆಯೊಂದು ಬಂತೆಂದು ಒಂದು ತಂಡ; ಸುಮಾರು ಮುಕ್ಕಾಲು ಪಾಲು ಲಾವಾ ಅಳಿವಿನ ನಂತರವೇ ಹರಿಯಿತೆಂದು ಇನ್ನೊಂದು. ವಾದ ಮುಗಿದಿಲ್ಲ. ಜಗತ್ತಿನ ಇಷ್ಟು ದೊಡ್ಡ ಪ್ರಶ್ನೆ ಘಾಟ್ ರಸ್ತೆಯ ಪಕ್ಕದ ಜಾಜಿನ ಗೆರೆಗೆ ಬಂದು ನಿಂತಿದೆ ಎನ್ನುವುದು ಪುಣೆಯವರಿಗೂ ನಮಗೂ ಹೆಮ್ಮೆಯ ವಿಷಯ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಮಾರ್ಲಿನಷ್ಟು ನಿಷ್ಠೆ ಕೆಮ್ಮಣ್ಣಿನ ಪದರಕ್ಕಿಲ್ಲ. ಸಮುದ್ರದ ತಳ ಮಟ್ಟಸ, ಅಲ್ಲಿ ಕೂತ ಮಾರ್ಲ್ ದೂರದವರೆಗೆ ಒಂದೇ ಥರ ಇರುತ್ತದೆ. ನೆಲದ ಮೇಲಿನ ಮಣ್ಣು ಹಾಗಲ್ಲ: ತಗ್ಗಿನಲ್ಲಿ ದಪ್ಪ, ದಿಬ್ಬದಲ್ಲಿ ತೆಳು, ಕೆಲವೆಡೆ ಇಲ್ಲವೇ ಇಲ್ಲ. ಒಂದೇ ಗುಡ್ಡದಲ್ಲಿ ಮೂರು ನಾಲ್ಕು ಕೆಂಪು ಗೆರೆಗಳಿದ್ದರೆ ಯಾವುದು ಯಾವುದೆಂದು ತಿಳಿಯದೆ ತಬ್ಬಿಬ್ಬಾಗುವುದು ಸಹಜ.

ಅದಕ್ಕೇ ದಖ್ಖನ್ನಿನ ಭೂವಿಜ್ಞಾನಿಗಳು ಇನ್ನೊಂದು ಗುರುತು ಹುಡುಕಿದರು. ಪುಣೆ ಜಿಲ್ಲೆಯ ಮಂಚರ್ ಮತ್ತು ಗಿರವಲಿ ಸುತ್ತ ಕೆಲವು ಪ್ರವಾಹಗಳ ಕಲ್ಲಿನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬೆರಳಿನ ಗೆಣ್ಣಿನಷ್ಟು ಉದ್ದದ, ಕೆಲವು ಅದಕ್ಕೂ ಉದ್ದದ ಬಿಳಿ ಹರಳುಗಳು ಎರಚಿದಂತೆ ಬಿದ್ದಿರುತ್ತವೆ. ಇವು ಪ್ಲಾಜಿಯೋಕ್ಲೇಸ್ ಹರಳುಗಳು. ಲಾವಾ ಹೊರಬರುವ ಮೊದಲು ನೆಲದಡಿಯ ಕುಂಡದಲ್ಲಿ ಬಹಳ ಕಾಲ ತಂಗಿದ್ದರೆ ಮಾತ್ರ ಹರಳು ಇಷ್ಟು ಬೆಳೆಯುತ್ತದೆ. ಒಮ್ಮೆ ನೋಡಿದವರು ಮರೆಯಲಾರರು, ಇನ್ನೊಂದು ಗುಡ್ಡದಲ್ಲಿ ಕಂಡರೆ ತಕ್ಷಣ ಗುರುತು ಹಿಡಿಯುತ್ತಾರೆ. ಗಿರವಲಿ ಎಂದರೆ ಖಗೋಳಪ್ರಿಯರಿಗೆ ಪುಣೆಯ ಅಯುಕಾ ಸಂಸ್ಥೆಯ 2 ಮೀಟರ್ ದೂರದರ್ಶಕ ನೆನಪಾಗುತ್ತದೆ; ಭೂವಿಜ್ಞಾನಿಗಳಿಗೆ ಈ ಹರಳುಗಲ್ಲು. ಐಐಟಿ ಬಾಂಬೆಯ ಕೆ.ವಿ. ಸುಬ್ಬರಾವ್, ಅಮೆರಿಕದ ಪೀಟರ್ ಹೂಪರ್ ಮೊದಲಾದವರು 1980ರ ದಶಕದಲ್ಲಿ ಇಂಥ ಗುರುತುಗಳನ್ನೂ ಕಲ್ಲಿನ ರಾಸಾಯನಿಕ ಪರೀಕ್ಷೆಯನ್ನೂ ಜೋಡಿಸಿ, ಪಶ್ಚಿಮ ಘಟ್ಟದ ಲಾವಾವನ್ನು ಕೆಳಗಿಂದ ಮೇಲಕ್ಕೆ ವಿಂಗಡಿಸಿದರು.

ಆ ಪಟ್ಟಿಯ ತಳದಲ್ಲಿ ಜವ್ಹಾರ್, ಇಗತ್‌ಪುರಿ; ನಡುವೆ ಭೀಮಾಶಂಕರ್, ಖಂಡಾಳಾ, ಬುಶೆ; ಮೇಲೆ ಪೋಲಾದ್‌ಪುರ, ಅಂಬೇನಳಿ, ಮಹಾಬಳೇಶ್ವರ, ಪನ್ಹಾಳಾ. ಎಲ್ಲಕ್ಕಿಂತ ಮೇಲೆ ದೇಸೂರು. ಇದು ನಮ್ಮ ಬೆಳಗಾವಿಯಿಂದ ಖಾನಾಪುರದ ದಾರಿಯಲ್ಲಿ ಸಿಗುವ ಊರು. ಲಾವಾ ಪದರಗಳು ದಕ್ಷಿಣಕ್ಕೆ ತುಸು ವಾಲಿರುವುದರಿಂದ ನಾಸಿಕದ ಕಡೆ ಹಳೆಯವು ನೆಲದ ಮೇಲೆ ಕಾಣುತ್ತವೆ, ಬೆಳಗಾವಿಯ ಕಡೆ ಹೊಸವು. ಹೊಸದು ಎಂದರೆ ಅದೂ 6.5 ಕೋಟಿ ವರ್ಷದ ಆಸುಪಾಸು.

ಗುರುತು ಪದರವನ್ನು ತಪ್ಪಾಗಿ ಗುರುತಿಸಿದರೆ ಏನಾಗುತ್ತದೆ ಎನ್ನುವುದಕ್ಕೂ ಪುಣೆ ಜಿಲ್ಲೆಯಲ್ಲೇ ನಿದರ್ಶನವಿದೆ. ಖರಾಡಿಯಿಂದ ಪೇಟೆಯ ಕಡೆ ಹೋದರೆ ಯರವಡಾದಲ್ಲಿ ಡೆಕ್ಕನ್ ಕಾಲೇಜು ಸಿಗುತ್ತದೆ, ಪುರಾತತ್ವದ ದೊಡ್ಡ ಹೆಸರು. ಅಲ್ಲಿನ ಸಂಶೋಧಕರು 1980ರ ದಶಕದಲ್ಲಿ ಜುನ್ನರ್ ಕಡೆಯ ಕುಕಡಿ ನದಿಯ ದಡದ ಬೋರಿಯಲ್ಲಿ ಬೂದು ಬಿಳಿ ಬಣ್ಣದ ಜ್ವಾಲಾಮುಖಿ ಬೂದಿಯ ಪದರವನ್ನು ವರದಿ ಮಾಡಿದರು. ಅಷ್ಟವಿನಾಯಕರಲ್ಲಿ ಮೊದಲನೆಯ ಮಯೂರೇಶ್ವರನ ಊರಾದ ಮೋರ್‌ಗಾವಿನ ಕರ್ಹಾ ನದಿಯ ದಡದಲ್ಲೂ ಇಂಥದ್ದಿದೆ. ಇದು ದಖ್ಖನ್ ಲಾವಾದ್ದಲ್ಲ. ಇಂಡೋನೇಷ್ಯಾದ ಸುಮಾತ್ರಾದ ತೋಬಾ ಜ್ವಾಲಾಮುಖಿಯಿಂದ ಹಾರಿ ಬಂದದ್ದು. ತೋಬಾ ಒಂದಕ್ಕಿಂತ ಹೆಚ್ಚು ಸಲ ಸಿಡಿದಿದೆ. ಬೋರಿಯ ಬೂದಿ ಯಾವ ಸಲದ್ದು? ಮೊದಲ ಅಳತೆ 14 ಲಕ್ಷ ವರ್ಷ ಎಂದಿತು. ಆಮೇಲೆ 6.7 ಲಕ್ಷ ಎಂದಿತು ಇನ್ನೊಂದು. ಬೂದಿಯ ರಸಾಯನ ನೋಡಿದವರು ಕೇವಲ 75 ಸಾವಿರ ಎಂದರು. ಮತ್ತೆ ಕೆಲವರು ಸುಮಾರು 8 ಲಕ್ಷವೇ ಸರಿಯೆಂದು ವಾದಿಸಿದರು. ಅದರ ಜೊತೆ ಸಿಕ್ಕ ಆದಿಮಾನವನ ಕೈಗೊಡಲಿಗಳ ವಯಸ್ಸೂ ಪ್ರತಿ ಸಲ ಬದಲಾಗುತ್ತ ಹೋಯಿತು. ಪದರ ಒಂದೇ, ಅದರ ಮೇಲೆ ಕಟ್ಟುವ ಇತಿಹಾಸ ಮಾತ್ರ ನಾಲ್ಕು ಬಗೆ.

ಬೋರಿಯ ಮೊದಲ ಸಂಶೋಧಕರಲ್ಲಿ ರವಿ ಕೋರಿಶೆಟ್ಟರ್ ಒಬ್ಬರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಅವರು ಪುರಾತತ್ವಜ್ಞ ಮೈಕೇಲ್ ಪೆಟ್ರಾಗ್ಲಿಯಾ ಜೊತೆಗೂಡಿ ಬಳ್ಳಾರಿಯ ಪಕ್ಕದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ತೋಬಾದ ಬೂದಿಯನ್ನು ಮತ್ತೆ ಅಗೆದರು. ಅಲ್ಲಿ ಬೂದಿ ಎರಡೂವರೆ ಮೀಟರ್ ದಪ್ಪ, 74 ಸಾವಿರ ವರ್ಷ ಹಳೆಯದು. ಬೂದಿಯ ಕೆಳಗೂ ಮೇಲೂ ಸಿಕ್ಕ ಕಲ್ಲಿನ ಹತ್ಯಾರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅಂದರೆ ಅಷ್ಟು ಭೀಕರ ಸ್ಫೋಟದ ನಂತರವೂ ಮನುಷ್ಯರು ಇಲ್ಲಿ ಬದುಕಿ ಉಳಿದರು ಎಂದು 2007ರಲ್ಲಿ ಈ ತಂಡ ಸೈನ್ಸ್ ಪತ್ರಿಕೆಯಲ್ಲಿ ವಾದಿಸಿತು. ಗುರುತು ಪದರ ಗಟ್ಟಿಯಾಗಿ ಸಿಕ್ಕರೆ ಎಷ್ಟು ದೊಡ್ಡ ಮಾತನ್ನು ಧೈರ್ಯವಾಗಿ ಆಡಬಹುದು ನೋಡಿ.

ಈ ಪದರಗಳ ಲೆಕ್ಕ ವಿಜ್ಞಾನಿಗಳಿಗೆ ಮಾತ್ರ ಬೇಕಾದದ್ದಲ್ಲ. ಕೊಳವೆಬಾವಿ ಕೊರೆಯುವವರಿಗೆ ಇದರ ಅನುಭವ ಚೆನ್ನಾಗಿದೆ: ಬೂದು ಪುಡಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಂಪು ಬಗ್ಗಡವಾದರೆ ಒಂದು ಪ್ರವಾಹ ಮುಗಿದು ಇನ್ನೊಂದು ಶುರುವಾಗುತ್ತಿದೆ ಎಂದರ್ಥ. ಅಣೆಕಟ್ಟು, ಸುರಂಗ ಕಟ್ಟುವವರಿಗೆ ಇದು ತಲೆನೋವು. ಒಳಗಿರುವಾಗ ಗಟ್ಟಿಯಾಗಿದ್ದ ಕೆಂಪು ಪದರ ಗಾಳಿ ನೀರು ತಾಗಿದೊಡನೆ ಬಿರಿದು ಉದುರುತ್ತದೆ. ಮೇಲಿನ ಬಂಡೆ ಎಷ್ಟೇ ಗಟ್ಟಿಯಿದ್ದರೂ ಕಾಲಡಿಯ ಮಣ್ಣು ಜಾರಿದರೆ ನಿಲ್ಲದು. ಪದರದ ಗುಣ ತಿಳಿದು ಕೆಲಸ ಮಾಡಿದ್ದಕ್ಕೆ ಬೀದರಿನ ಕರೇಜ್ ಒಳ್ಳೆಯ ಸಾಕ್ಷಿ. ಬಹಮನಿ ಕಾಲದ ಈ ನೆಲದಡಿಯ ಕಾಲುವೆಗಳನ್ನು ಮೇಲಿನ ಜಂಬಿಟ್ಟಿಗೆಯೂ ಕೆಳಗಿನ ಕರಿಕಲ್ಲೂ ಕೂಡುವ ಮಟ್ಟವನ್ನು ಹಿಡಿದು ತೋಡಿದ್ದಾರೆ. ಜಂಬಿಟ್ಟಿಗೆಯಲ್ಲಿ ಇಳಿದ ಮಳೆನೀರು ಕೆಳಗಿನ ಕಲ್ಲಿಗೆ ಬಂದು ನಿಲ್ಲುತ್ತದೆ ಎನ್ನುವುದು ಅಂದಿನವರಿಗೆ ಗೊತ್ತಿತ್ತು.

ಖರಾಡಿಯಿಂದ ನಗರ್ ರಸ್ತೆಯಲ್ಲಿ ಮುಂದೆ ಸಿಗುವ ವಾಘೋಲಿಯ ಖಡಿ ಕ್ವಾರಿಗಳು ಇನ್ನೊಂದು ಕಾರಣಕ್ಕೆ ಜಗತ್ಪ್ರಸಿದ್ಧ. ಲಾವಾದ ಪೊಳ್ಳುಗಳಲ್ಲಿ ಬೆಳೆದ ಕ್ಯಾವನ್ಸೈಟ್ ಎಂಬ ಕಡುನೀಲಿ ಹರಳು ಇಲ್ಲಿ ಸಿಕ್ಕಷ್ಟು ಸೊಗಸಾಗಿ ಬೇರೆಲ್ಲೂ ಸಿಕ್ಕಿಲ್ಲ; ದೇಶವಿದೇಶಗಳ ಸಂಗ್ರಹಾಲಯಗಳಲ್ಲಿ ವಾಘೋಲಿಯ ಹೆಸರು ಹೊತ್ತು ಕೂತಿದೆ. ಕಲ್ಲೊಡೆಯುವ ಕೆಲಸಗಾರರ ಕಣ್ಣು ಚುರುಕಾಗಿದ್ದುದರಿಂದ ಅದು ಖಡಿಯಾಗದೆ ಉಳಿಯಿತು. ನೀಲಿ ಹರಳಿಗೆ ಬೆಲೆಯುಂಟು, ಕೆಂಪು ಮಣ್ಣಿಗಿಲ್ಲ. ಆದ್ದರಿಂದಲೇ ಅದು ದಾಖಲಾಗದೆ ಮುಚ್ಚಿಹೋಗುತ್ತಿದೆ.

ಖರಾಡಿಯಲ್ಲಿ ಎದ್ದಿರುವ ಒಂದೊಂದು ಗೋಪುರಕ್ಕೂ ಮೊದಲು ಆಳದ ಗುಂಡಿ ತೋಡುತ್ತಾರೆ. ಅದಕ್ಕೂ ಮೊದಲು ಬಂಡೆಯನ್ನು ಕೊರೆದು, ಸಿಲಿಂಡರಿನಂಥ ತುಂಡುಗಳನ್ನು ಆಳದ ಕ್ರಮದಲ್ಲಿ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿಡುತ್ತಾರೆ. ಗುಂಡಿ ಕೆಲವು ತಿಂಗಳು ತೆರೆದಿರುತ್ತದೆ, ಆಮೇಲೆ ಕಾಂಕ್ರೀಟ್. ಪೆಟ್ಟಿಗೆಗಳು ಕೆಲಸ ಮುಗಿದ ಮೇಲೆ ಯಾರಿಗೂ ಬೇಡ. ಒಂದು ಕಟ್ಟಡದ ಕೊರೆತದಿಂದ ಹೆಚ್ಚೇನೂ ತಿಳಿಯದು. ನೂರು ಕಟ್ಟಡಗಳ ಕೊರೆತ ಒಟ್ಟಿಗೆ ಸಿಕ್ಕರೆ ಪೂರ್ವ ಪುಣೆಯ ನೆಲದಡಿ ಯಾವ ಪ್ರವಾಹ ಎಲ್ಲಿ ಮುಗಿಯುತ್ತದೆ, ಕೆಂಪು ಪದರ ಎಷ್ಟು ಆಳದಲ್ಲಿದೆ, ಅಂತರ್ಜಲ ಎಲ್ಲಿ ನಿಲ್ಲುತ್ತದೆ ಎಂಬ ನಕ್ಷೆಯೇ ಸಿದ್ಧವಾಗುತ್ತದೆ. ಮುಂದೆ ಸುರಂಗವೋ ಮೆಟ್ರೊವೋ ಕಟ್ಟುವವರಿಗೂ ಅದು ಬೇಕಾಗುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನಲ್ಲೂ ಇದೇ ಲಾವಾದ ಮೇಲೆ ಊರು ಬೆಳೆಯುತ್ತಿದೆ, ಅಲ್ಲಿಗೂ ಈ ಮಾತು ಸಲ್ಲುತ್ತದೆ. ಕಟ್ಟಡದ ಕೆಲಸದಲ್ಲಿರುವ ಕನ್ನಡದ ಎಂಜಿನಿಯರುಗಳು ಈ ಪುಟಗಳನ್ನು ಓದುತ್ತಿದ್ದರೆ ಅವರಲ್ಲಿ ಒಂದೇ ಕೋರಿಕೆ: ಕಾಂಕ್ರೀಟ್ ಸುರಿಯುವ ಮುನ್ನ ಗುಂಡಿಯ ಗೋಡೆಗೆ ಅಳತೆಪಟ್ಟಿ ಹಿಡಿದು ನಾಲ್ಕು ಫೋಟೊ ತೆಗೆಯಿರಿ, ಕೋರ್ ಪೆಟ್ಟಿಗೆಗಳನ್ನು ಎಸೆಯುವ ಮುನ್ನ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಒಂದು ಫೋನ್ ಮಾಡಿ.